ಕಪ್ಪು ಚೀಟಿ, ನಂಬರ್ ನಾಲ್ಕು

ನವೆಂಬರ್ 4, ಸೋಮವಾರ. ಬೆಳಿಗ್ಗೆ 8.40ಕ್ಕೆ ಬೆಲೋಬ್ರೆಗ್ ಠಾಣೆಗೆ ಬಂದ ದೂರು ಅರ್ಧ ಪುಟವನ್ನೂ ತುಂಬಿರಲಿಲ್ಲ. ಊರಾಚೆಯ ಹಳೆಯ ಉಪ್ಪಿನಕಾಯಿ ಕಾರ್ಖಾನೆಯ ಕಟ್ಟಡದಲ್ಲಿ ನಡೆಯುವ ಭದ್ರತಾ ತರಬೇತಿ ಕೇಂದ್ರದ ಉಗ್ರಾಣದಿಂದ, ಪಿನ್ನು ಎಳೆದರೆ ಭಾರಿ ಸದ್ದಿನಿಂದ ಸಿಡಿಯುವ ಎರಡು ಸದ್ದುಗುಂಡುಗಳು ಕಾಣೆಯಾಗಿವೆ. ಕೊನೆಯ ಸಲ ಎಣಿಸಿದ್ದು ನವೆಂಬರ್ 1, ಶುಕ್ರವಾರ ಸಂಜೆ. ಬೀಗ ಒಡೆದಿಲ್ಲ. ಕೆಳಗೆ ಸಹಿ: ಕ್ರುಮ್ ಹಾಜಿಯೆವ್, ನಿವೃತ್ತ ಕರ್ನಲ್, ಕೇಂದ್ರದ ಮುಖ್ಯಸ್ಥ.

ಇನ್‌ಸ್ಪೆಕ್ಟರ್ ದಾರಿನಾ ಪೆಂಚೆವಾ ದೂರನ್ನು ಎರಡು ಸಲ ಓದಿದಳು. ಐವತ್ತೆರಡರ ಹೆಂಗಸು, ಕನ್ನಡಕ ಹಣೆಯ ಮೇಲಿದ್ದರೂ ಅದನ್ನೇ ಮೇಜಿನ ಮೇಲೆ ಹುಡುಕುವ ಅಭ್ಯಾಸ. ಎದುರಿಗೆ ಸಾರ್ಜೆಂಟ್ ಸ್ಪಾಸ್ ಗೆಂಕೋವ್ ಗಿಣ್ಣಿನ ಪದರರೊಟ್ಟಿಯನ್ನು ಕಾಗದದಲ್ಲೇ ಹಿಡಿದು ತಿನ್ನುತ್ತಿದ್ದ.

"ಸದ್ದುಗುಂಡು ಅಂದ್ರೆ ಪಟಾಕಿ ತಾನೆ ಮೇಡಂ? ಯಾವನೋ ಮದುವೆಗೆ ಹೊಡ್ಕೊಂಡು ಹೋಗಿರ್ತಾನೆ."

"ಬಯಲಲ್ಲಿ ಹೊಡೆದ್ರೆ ಪಟಾಕಿ. ಬಾಗಿಲು ಹಾಕಿರೋ ಹಾಲ್‌ನಲ್ಲಿ ಹೊಡೆದ್ರೆ ಸದ್ದು ಯಾರನ್ನೂ ಕೊಲ್ಲಲ್ಲ. ಓಡೋ ಜನ ಕೊಲ್ತಾರೆ."

ಸ್ಪಾಸ್ ಅಗಿಯುವುದನ್ನು ನಿಲ್ಲಿಸಿದ. ಅವಳ ದೃಷ್ಟಿ ಗೋಡೆಯ ಕ್ಯಾಲೆಂಡರಿನ ಮೇಲಿತ್ತು. ನವೆಂಬರ್ 8, ಶುಕ್ರವಾರ, ಪ್ರಧಾನ ದೇವದೂತರ ಹಬ್ಬ. ಪೊಲೀಸರ ಹಬ್ಬವೂ ಅದೇ. ಪ್ರತಿ ವರ್ಷ ಆ ದಿನ ಬಸ್ ನಿಲ್ದಾಣದ ದೊಡ್ಡ ಹಾಲ್‌ನಲ್ಲಿ ಹಾಜಿಯೆವ್‌ನ ಕೇಂದ್ರ ಒಂದು ಪ್ರದರ್ಶನ ನಡೆಸುತ್ತಿತ್ತು. ಭಯೋತ್ಪಾದಕ ನುಗ್ಗಿದರೆ ಏನು ಮಾಡಬೇಕು, ಬಿಟ್ಟುಹೋದ ಚೀಲ ಕಂಡರೆ ಏನು ಮಾಡಬೇಕು, ಜನರನ್ನು ಹೇಗೆ ಹೊರಗೆ ಕರೆದೊಯ್ಯಬೇಕು, ಗಾಯಾಳುಗಳನ್ನು ಹೇಗೆ ವಿಂಗಡಿಸಬೇಕು. ಬ್ಯಾಂಕು, ಮಾಲು, ಶಾಲೆಗಳ ಕಾವಲುಗಾರರಿಗೆ ವರ್ಷವಿಡೀ ಕಲಿಸಿದ್ದನ್ನು ಆ ದಿನ ಊರಿಗೆ ತೋರಿಸಬೇಕು. ಈ ಸಲ ಮೇಯರ್ ಬರುತ್ತಾರೆ, ಸೋಫಿಯಾದಿಂದ ಅತಿಥಿಗಳು ಬರುತ್ತಾರೆ, ಹಾಡಲು ಅರವತ್ತು ಶಾಲಾ ಮಕ್ಕಳು ಬರುತ್ತಾರೆ.

ಎಫ್‌ಐಆರ್ 9.05ಕ್ಕೆ ದಾಖಲಾಯಿತು.

ಪಂಚನಾಮೆ ಶುರುವಾದಾಗ 9.50. ಉಗ್ರಾಣವೆಂದರೆ ಹಿಂದೆ ಸೌತೆಕಾಯಿ ಪೀಪಾಯಿಗಳನ್ನು ಇಡುತ್ತಿದ್ದ ಕೋಣೆ. ಮಳೆ ಬಿದ್ದರೆ ಇವತ್ತಿಗೂ ವಿನೆಗರ್ ವಾಸನೆ ಬರುತ್ತದೆಂದು ಉಗ್ರಾಣದವನು ಹೇಳಿದ. ಕಬ್ಬಿಣದ ಬೀರುವಿನ ಕೀಲಿ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು.

"ಕೀಲಿ ಯಾವಾಗಲೂ ಇಲ್ಲೇ ಇರುತ್ತಾ?" ಸ್ಪಾಸ್ ಕೇಳಿದ.

"ಇನ್ನೆಲ್ಲಿರುತ್ತೆ?"

"ಭದ್ರತೆ ಕಲಿಸೋ ಶಾಲೆ ಅಲ್ವಾ ಇದು?"

ಹಾಜಿಯೆವ್ ಕೆಮ್ಮಿದ. ಎತ್ತರದ ಆಳು, ಇಸ್ತ್ರಿಯ ಗೆರೆ ಕೂಡ ಅವನ ಅಪ್ಪಣೆಗೆ ಕಾದು ನಿಂತಂತಿತ್ತು. "ಬೀರು ತೆಗೆದು ನೋಡಿ ಇನ್‌ಸ್ಪೆಕ್ಟರ್. ಕಳ್ಳ ಒಂದು ತಮಾಷೆ ಮಾಡಿ ಹೋಗಿದ್ದಾನೆ."

ಎರಡು ಗುಂಡುಗಳಿದ್ದ ಖಾಲಿ ಗೂಡಿನಲ್ಲಿ ಅಂಗೈಯಷ್ಟು ದೊಡ್ಡ ಕಪ್ಪು ರಟ್ಟಿನ ಚೀಟಿಯೊಂದು ಬಿದ್ದಿತ್ತು.

"ನಮ್ಮದೇ ಚೀಟಿ," ಹಾಜಿಯೆವ್ ಹೇಳಿದ. "ಗಾಯಾಳುಗಳ ಕೈಗೆ ಕಟ್ಟೋದು. ಕೆಂಪು ಅಂದ್ರೆ ಈಗಲೇ ಎತ್ತು. ಹಳದಿ ಅಂದ್ರೆ ಸ್ವಲ್ಪ ಕಾಯಬಹುದು. ಹಸಿರು ಅಂದ್ರೆ ತಾನೇ ನಡೀತಾನೆ."

"ಕಪ್ಪು?"

"ಕಪ್ಪು ಅಂದ್ರೆ ಮುಗೀತು. ದಾಟಿ ಮುಂದೆ ಹೋಗು."

ದಾರಿನಾ ಚೀಟಿಯನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಹೊಸದಲ್ಲ. ಅಂಚು ಸವೆದಿತ್ತು, ಯಾರೋ ಬಹಳ ದಿನ ಕೈಯಲ್ಲಿ ಹಿಡಿದು ಕೂತಂತೆ. ಬಿಳಿ ಬಣ್ಣದಲ್ಲಿ ನಂಬರ್ 4. ಅದರ ಕೆಳಗೆ ಸಮಯ: 10.41. ದಾರದ ಗಂಟು ಹಾಗೆಯೇ ಇತ್ತು, ದಾರವನ್ನು ಮಾತ್ರ ಕತ್ತರಿಯಿಂದ ಕತ್ತರಿಸಲಾಗಿತ್ತು.

ಆ ಚೀಟಿಯನ್ನು ಅವಳು ಎಲ್ಲೋ ನೋಡಿದ್ದಳು. ಎಲ್ಲಿ ಎಂಬುದೂ ಗೊತ್ತಿತ್ತು. ಆದರೆ ಕೆಲವು ಗೊತ್ತುಗಳನ್ನು ಮನಸ್ಸು ಬಾಗಿಲ ಹೊರಗೇ ನಿಲ್ಲಿಸಿ, ಮನೆಯಲ್ಲಿ ಯಾರೂ ಇಲ್ಲವೆಂದು ಹೇಳಿಬಿಡುತ್ತದೆ. ಅವಳು ಚೀಟಿಯನ್ನು ಲಕೋಟೆಗೆ ಹಾಕಿ ಅಂಟಿಸಿ, "ಮುಂದೆ ಬರಿ," ಎಂದು ಸ್ಪಾಸ್‌ಗೆ ಹೇಳಿದಳು.

ಗೇಟಿನ ಸಂದರ್ಶಕರ ಪುಸ್ತಕದಲ್ಲಿ ಶನಿವಾರದ ಪುಟ ಖಾಲಿಯಿತ್ತು; ಭಾನುವಾರ ಕೇಂದ್ರಕ್ಕೆ ರಜೆ. ಶನಿವಾರ ಗೇಟಿನಲ್ಲಿದ್ದ ಯೊನ್ಕಾ ಎಂಬಾಕೆಗೆ ಸೋಮವಾರ ರಜೆ. ತಂಗಿಯ ಊರಿಗೆ ಹೋಗಿದ್ದಳು. ನಾಳೆ ಬರುತ್ತಾಳೆ ಎಂದರು. ಸರಿ, ನಾಳೆಯೇ ಆಗಲಿ ಎಂದಳು ದಾರಿನಾ.

ಆ ಸಂಜೆ ಠಾಣೆಯ ದಾಖಲೆ ಕೋಣೆಯ ಮುಂದೆ ಅವಳು ಎರಡು ಸಲ ಹಾದುಹೋದಳು. ಒಳಗೆ ಹೋಗಲಿಲ್ಲ.

ನವೆಂಬರ್ 5, ಮಂಗಳವಾರ, 10.15. ಯೊನ್ಕಾ ನಲವತ್ತೇಳರವಳು. ಹದಿನೆಂಟು ವರ್ಷ ಅಂಗಿ ಕಾರ್ಖಾನೆಯಲ್ಲಿ ಹೊಲಿಗೆ. ಅದು ಮುಚ್ಚಿದ ಮೇಲೆ ಆರು ವಾರ ತರಬೇತಿ ಪಡೆದು ಕಾವಲಿನವಳಾಗಿದ್ದಳು.

"ಶನಿವಾರ ಯಾರು ಬಂದಿದ್ರು?"

"ಹೊರಗಿನವರು ಯಾರೂ ಇಲ್ಲ ಮೇಡಂ. ಮುದುಕಿಯರು ಬಂದಿದ್ರು ಅಷ್ಟೆ. ಸತ್ತವರ ಶನಿವಾರ ಅಲ್ವಾ? ಸ್ಮಶಾನ ನಮ್ಮ ಎದುರಿಗೇ ಇದೆ. ಸತ್ತವರ ಹೆಸರಲ್ಲಿ ಕುದಿಸಿದ ಗೋಧಿ ಲೋಟದಲ್ಲಿ ಹಂಚ್ತಾರಲ್ಲ, ಅದನ್ನ ಕೊಟ್ಟು ಹೋದ್ರು."

"ಎಷ್ಟು ಜನ?"

"ಆರೇಳು ಜನ ಇರಬಹುದು."

"ಒಳಗೆ ಬಿಟ್ರಾ?"

"ಸತ್ತವರ ಹೆಸರಲ್ಲಿ ಗೋಧಿ ಹಿಡ್ಕೊಂಡು ಬಂದವಳನ್ನ ಗೇಟಲ್ಲಿ ನಿಲ್ಲಿಸೋದಾ?" ಯೊನ್ಕಾಳ ಕೆನ್ನೆ ಕೆಂಪಾಯಿತು. "ನೀವಾದ್ರೆ ನಿಲ್ಲಿಸ್ತಿದ್ರಾ?"

"ಚೀಲ ನೋಡಿದ್ಯಾ?"

"ಇಲ್ಲ."

"ತರಬೇತೀಲಿ ಏನು ಹೇಳಿದ್ದಾರೆ?"

"ಯಾರ ಕೈಯಿಂದ್ಲೂ ಏನೂ ತಗೋಬೇಡ, ಎಲ್ಲರ ಚೀಲಾನೂ ನೋಡು ಅಂತ." ಅವಳ ದನಿ ಇಳಿಯಿತು. "ಆದ್ರೆ ಇದನ್ನ ಹೇಳಿರ್ಲಿಲ್ಲ ಮೇಡಂ. ಕರ್ನಲ್ ಸಾಹೇಬ್ರೂ ಅಂಗಳದಲ್ಲಿ ನಿಂತು ಎರಡು ಲೋಟ ತಿಂದ್ರು. ಉಗ್ರಾಣದವನೂ ಹೊರಗೆ ಬಂದು ತಿಂದ."

"ಬಂದವರ ಹೆಸರು?"

"ಕೊಟ್ಟವಳ ಹೆಸರು ಯಾರು ಕೇಳ್ತಾರೆ? ಸತ್ತವರ ಹೆಸರು ಕೇಳ್ತೀವಿ. 'ದೇವರು ಇಂಥವರನ್ನ ಕ್ಷಮಿಸಲಿ' ಅನ್ನಬೇಕಲ್ಲ."

ದಾರಿನಾ ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ಸತ್ತವರ ಹೆಸರು ಹೇಳು."

ಯೊನ್ಕಾ ಬೆರಳು ಮಡಿಸಿದಳು. "ಒಬ್ಬಳು ಗಂಡ ರಂಗೆಲ್‌ಗೆ. ಒಬ್ಬಳು ಅಣ್ಣ ತಮ್ಮ ಇಬ್ಬರಿಗೂ ಸೇರಿಸಿ. ಒಬ್ಬಳು ಅತ್ತೆಗೆ ಕೊಟ್ಟಳು, ಬೈಕೊಂಡೇ ಕೊಟ್ಟಳು. ಆಮೇಲೆ..." ಬೆರಳು ನಿಂತಿತು. "ಒಬ್ಬಳು ಏನೂ ಮಾತಾಡ್ಲಿಲ್ಲ. ಯಾರ ಹೆಸರಲ್ಲಿ ಅಮ್ಮಾ ಅಂತ ನಾನೇ ಕೇಳಿದೆ. ದಿಲ್ಯಾನಾ ಅಂದ್ಲು. ಗೋಧಿ ಮೇಲೆ ಅಕ್ರೋಟು ಇರ್ಲಿಲ್ಲ. ಅವಳಿಗೆ ಅಕ್ರೋಟು ತಿಂದ್ರೆ ಮೈಯೆಲ್ಲ ದದ್ದು ಏಳ್ತಿತ್ತು ಅಂದ್ಲು. ಸತ್ತವಳಿಗೆ ಇನ್ನೆಂಥ ದದ್ದು ಅನ್ನಿಸ್ತು ನನಗೆ. ಅದಕ್ಕೇ ನೆನಪಿದೆ."

ಇನ್ನು ಮನಸ್ಸಿನ ಬಾಗಿಲಲ್ಲಿ ನಿಂತದ್ದನ್ನು ಒಳಗೆ ಕರೆಯದೆ ದಾರಿಯಿರಲಿಲ್ಲ.

ದಾಖಲೆ ಕೋಣೆಯಿಂದ ತೆಗೆದ ಕಡತ ತೆಳ್ಳಗಿತ್ತು. ಕಳೆದ ವರ್ಷ ನವೆಂಬರ್ 8. ದಿಲ್ಯಾನಾ ವೆಲಿಕೋವಾ, 27, ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೆಲಸ. ಹಾಲ್‌ನಲ್ಲಿ ಮುಸುಕಿನವರು ನುಗ್ಗುವ ಅಣಕು ದಾಳಿ 10.30ಕ್ಕೆ ಶುರುವಾಗಿತ್ತು. ಅದರ ಸೂಚನೆಯನ್ನು ಬೆಳಿಗ್ಗೆ ನೌಕರರ ಕೋಣೆಯಲ್ಲಿ ಅಂಟಿಸಿದ್ದರು. ಗೆಳತಿಯ ಬದಲಿಗೆ ಹತ್ತು ಗಂಟೆಗೆ ಕೆಲಸಕ್ಕೆ ಬಂದ ದಿಲ್ಯಾನಾ ಆ ಕೋಣೆಗೆ ಹೋಗಿರಲೇ ಇಲ್ಲ. ಸದ್ದುಗುಂಡು ಸಿಡಿಯಿತು. ಅವಳು ಹಿಂದಿನ ಮೆಟ್ಟಿಲಿನತ್ತ ಓಡಿ ಬಿದ್ದಳು.

ಅಣಕಿನಲ್ಲಿ ಗಾಯಾಳುಗಳ ಪಾತ್ರಕ್ಕೆಂದು ಒಂದಷ್ಟು ಜನರನ್ನು ಅಲ್ಲಲ್ಲಿ ಮಲಗಿಸುವುದು ವಾಡಿಕೆ. ಮೆಟ್ಟಿಲಲ್ಲಿ ಬಿದ್ದವಳೂ ಪಾತ್ರದವಳೇ ಅಂದುಕೊಂಡು ತರಬೇತಿಯವರು ದಾಟಿಕೊಂಡು ಹೋದರು. ಕಲಿತ ಪಾಠದಂತೆ ಒಬ್ಬ ಬಾಗಿ, ಅವಳು ಅಲ್ಲಾಡುತ್ತಿಲ್ಲವೆಂದು ನೋಡಿ, ಕೈಗೆ ಚೀಟಿ ಕಟ್ಟಿ, ಸಮಯ ಬರೆದು ಮುಂದೆ ಹೋದ. ನಂಬರ್ 4. 10.41. ಕಪ್ಪು. ಪ್ರದರ್ಶನ 11.10ಕ್ಕೆ ಮುಗಿಯಿತು. ಚಪ್ಪಾಳೆಗೆ ಎಲ್ಲರೂ ಎದ್ದು ನಿಂತರು, ಅವಳೊಬ್ಬಳು ಏಳಲಿಲ್ಲ.

ವೈದ್ಯರ ವರದಿಯಲ್ಲಿ ಸಾವಿನ ಸಮಯ: ಅಂದಾಜು 11 ಗಂಟೆ.

ಮೂವತ್ತೊಂದನೇ ಪುಟದಲ್ಲಿ ಚೀಟಿಯ ಛಾಯಾಚಿತ್ರವಿತ್ತು. ಮೂವತ್ತೆರಡನೇ ಪುಟದಲ್ಲಿ ಷರಾ: "ಆಕಸ್ಮಿಕ. ಅಪರಾಧದ ಕುರುಹಿಲ್ಲ. ಬಟ್ಟೆಬರೆ ಮತ್ತು ವಸ್ತುಗಳನ್ನು ತಾಯಿ ಸ್ತೋಯ್ಕಾ ವೆಲಿಕೋವಾ ಅವರಿಗೆ ಹಿಂತಿರುಗಿಸಲಾಗಿದೆ." ಕೆಳಗಿನ ಸಹಿ ದಾರಿನಾಳದೇ. ಹತ್ತು ನಲವತ್ತೊಂದಕ್ಕೂ ಹನ್ನೊಂದಕ್ಕೂ ನಡುವಿನ ಹತ್ತೊಂಬತ್ತು ನಿಮಿಷಗಳನ್ನು ಅವಳು ಆಗಲೇ ಕಂಡಿದ್ದಳು. ಅದನ್ನು ಕೇಳುವ ಬಾಕ್ಸು ನಮೂನೆಯಲ್ಲಿರಲಿಲ್ಲ. ಆ ವಾರ ಅವಳ ಅಮ್ಮ ಆಸ್ಪತ್ರೆಯಲ್ಲಿದ್ದಳು. ಬೇಗ ಮುಗಿಸಿ ಹೋಗಬೇಕಿತ್ತು. ಮುಗಿಸಿ ಹೋಗಿದ್ದಳು.

"ಮೇಡಂ?" ಬಾಗಿಲಲ್ಲಿ ಸ್ಪಾಸ್.

"ಗಾಡಿ ತೆಗಿ."

ಸ್ತೋಯ್ಕಾಳ ಮನೆ ನದಿಯ ಹತ್ತಿರದ ಹಳೆಯ ವಸತಿ ಕಟ್ಟಡದ ಐದನೇ ಮಹಡಿಯಲ್ಲಿತ್ತು. ಬಾಗಿಲ ಮೇಲೆ, ಸತ್ತವರ ನೆನಪಿಗೆ ಚಿತ್ರ ಸಮೇತ ಅಚ್ಚು ಹಾಕಿಸುವ ಸಾವಿನ ಹಾಳೆಗಳು ಸಾಲಾಗಿ ಅಂಟಿದ್ದವು: ನಲವತ್ತು ದಿನದ್ದು, ಆರು ತಿಂಗಳದ್ದು. ಎರಡರಲ್ಲೂ ಒಂದೇ ಚಿತ್ರ. ಗಾಳಿಗೆ ಹಾರಿದ ಕೂದಲನ್ನು ಹಿಡಿದುಕೊಂಡು ನಗುತ್ತಿರುವ ಹುಡುಗಿ. ಎದುರು ಮನೆಯವಳು ಸರಪಳಿ ತೆಗೆಯದೆ ಸಂದಿಯಿಂದಲೇ ಮಾತಾಡಿದಳು.

"ಇಲ್ಲ. ನಿನ್ನೆ ಸಂಜೆ ಹೋದ್ಲು. ಹೂಕುಂಡಗಳನ್ನೆಲ್ಲ ನನಗೆ ಕೊಟ್ಟು ಹೋದ್ಲು."

"ನಿನ್ನೆ ಎಷ್ಟು ಗಂಟೆಗೆ?"

"ಆರು ಇರಬಹುದು. ಯಾಕೆ, ಏನಾದ್ರೂ ಮಾಡ್ಕೊಂಡ್ಲಾ?"

ನಿನ್ನೆ ಆರು ಗಂಟೆಗೆ ದಾರಿನಾ ದಾಖಲೆ ಕೋಣೆಯ ಬಾಗಿಲ ಮುಂದೆ ಎರಡನೇ ಸಲ ಹಾದುಹೋಗುತ್ತಿದ್ದಳು.

ನ್ಯಾಯಾಲಯದ ಅಪ್ಪಣೆ ತರಿಸಿ 4.30ಕ್ಕೆ ಮನೆ ಶೋಧಿಸಿದರು. ತೊಳೆದು ಬೋರಲು ಹಾಕಿದ ಪಾತ್ರೆ. ಮಡಿಸಿಟ್ಟ ಹಾಸಿಗೆ. ಮೇಜಿನ ಮೇಲೆ ಕೇಂದ್ರಕ್ಕೆ, ಪುರಸಭೆಗೆ, ಪೊಲೀಸರಿಗೆ ಬರೆದ ಹದಿನಾಲ್ಕು ಅರ್ಜಿಗಳ ನಕಲು. ಎಲ್ಲದರಲ್ಲೂ ಒಂದೇ ಪ್ರಶ್ನೆ: ಚೀಟಿ ಕಟ್ಟಿದಾಗ ನನ್ನ ಮಗಳು ಉಸಿರಾಡುತ್ತಿದ್ದಳೇ? ಎಲ್ಲದಕ್ಕೂ ಬಂದ ಉತ್ತರವೂ ಒಂದೇ: ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ. ಗುಂಡುಗಳು ಮಾತ್ರ ಇರಲಿಲ್ಲ.

ಬುಧವಾರ, ಗುರುವಾರ ಹಳ್ಳಿಯ ನೆಂಟರ ಮನೆ, ಚರ್ಚು, ಸ್ಮಶಾನ, ರೈಲು ನಿಲ್ದಾಣ ಎಲ್ಲ ಹುಡುಕಿದರು. ಸ್ತೋಯ್ಕಾ ಎಲ್ಲೂ ಇಲ್ಲ. ಗುರುವಾರ ಮಧ್ಯಾಹ್ನ ದಾರಿನಾ ಆಯುಕ್ತ ಪ್ರೊದಾನೋವ್‌ನ ಮುಂದೆ ನಿಂತಳು.

"ಪ್ರದರ್ಶನ ನಿಲ್ಲಿಸಿ ಸಾರ್."

"ಭಯೋತ್ಪಾದನೆ ಎದುರಿಸೋದು ಹೇಗೆ ಅಂತ ತೋರಿಸೋ ಪ್ರದರ್ಶನಾನ ಒಬ್ಬ ಮುದುಕಿಗೆ ಹೆದರಿ ನಿಲ್ಲಿಸೋದಾ? ಸೋಫಿಯಾದವರು ನಕ್ಕು ಸಾಯ್ತಾರೆ."

"ಮಕ್ಕಳನ್ನಾದ್ರೂ ಬೇಡ ಅನ್ನಿ. ಮುಂದಿನ ಬಾಗಿಲನ್ನ ಭಯೋತ್ಪಾದಕರು ಮುಚ್ಚಿದ್ದಾರೆ ಅಂತ ಆಟ ಕಟ್ಟಿದ್ದಾರೆ. ಎಲ್ಲರನ್ನೂ ಹಿಂದಿನ ಮೆಟ್ಟಿಲಿಂದ್ಲೇ ಇಳಿಸ್ತಾರೆ. ಇಪ್ಪತ್ತೆರಡು ಮೆಟ್ಟಿಲು, ಎರಡಾಳು ಅಗಲ. ಆ ಹೊತ್ತಿಗೆ ಸದ್ದು ಆದ್ರೆ..."

"ಅಲ್ಲಿ ಮೂವತ್ತು ಜನ ತರಬೇತಾದ ಕಾವಲಿನವರು ಇರ್ತಾರೆ ಪೆಂಚೆವಾ. ಜೊತೆಗೆ ನಿನ್ನ ಹತ್ತು ಜನ. ಒಬ್ಬ ಮುದುಕಿ. ಕಣ್ಣಿಗೆ ಬೀಳಲ್ವಾ?"

ಬೀಳಬೇಕು, ಆದರೆ ಮಗಳೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಎಂಬ ಮಾತು ದಾರಿನಾಳ ನಾಲಗೆಯ ತುದಿಗೆ ಬಂದು ನಿಂತಿತು. ಅದನ್ನು ಆಡುವ ಹಕ್ಕು ತನಗಿದೆಯೇ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ನವೆಂಬರ್ 8, ಶುಕ್ರವಾರ. ಏಳು ಗಂಟೆಗೆ ಕಾವಲು ನಿಂತಿತು. 7.30ಕ್ಕೆ ನಾಯಿಯೊಂದಿಗೆ ಶೋಧ ನಡೆಯಿತು. ಏನೂ ಸಿಗಲಿಲ್ಲವೆಂದು ವರದಿ ಬಂತು. ಸ್ತೋಯ್ಕಾಳ ಚಿತ್ರ ಎಲ್ಲರ ಜೇಬಿನಲ್ಲೂ ಇತ್ತು. ಮಗಳ ಪಕ್ಕ ಸಮುದ್ರದ ದಂಡೆಯಲ್ಲಿ ನಿಂತು ಕಲ್ಲಂಗಡಿ ತಿನ್ನುತ್ತಿರುವ, ಕೂದಲಿಗೆ ಕೆಂಪು ಬಣ್ಣ ಹಚ್ಚಿದ ಹೆಂಗಸು. ಬೇರೆ ಚಿತ್ರ ಸಿಕ್ಕಿರಲಿಲ್ಲ. ಗೋಧಿ ಹಿಡಿದು ಬಂದ ಯಾವ ಹೆಂಗಸನ್ನೂ ಚೀಲ ನೋಡದೆ ಬಿಡಬಾರದೆಂದು ದಾರಿನಾ ಬಾಗಿಲು ಬಾಗಿಲಿಗೂ ಹೋಗಿ ತಾನೇ ಹೇಳಿದಳು. ಗೋಧಿ ಹಿಡಿದು ಯಾರೂ ಬರಲಿಲ್ಲ.

ಒಂಬತ್ತಕ್ಕೆ ಗಾಯಾಳು ಪಾತ್ರದವರು ಬಂದರು. ನಿವೃತ್ತರು, ಕೆಲಸವಿಲ್ಲದವರು. ಅವರ ಹಣೆಗೆ ಬೀಟ್‌ರೂಟ್ ರಸ ಬಳಿದರು. ಸ್ಪಾಸ್ ಪಟ್ಟಿ ಹಿಡಿದು ಹೆಸರು ಕರೆದ. ಹನ್ನೆರಡು ಜನ, ಎಲ್ಲ ಸರಿ. ಹತ್ತು ಜನ ಹಾಲ್‌ನಲ್ಲಿ, ಇಬ್ಬರು ಹಿಂದಿನ ಮೆಟ್ಟಿಲಲ್ಲಿ.

10.20. ಅತಿಥಿಗಳು ಕೂತರು. ಮಕ್ಕಳು ಬಿಳಿ ಅಂಗಿ ತೊಟ್ಟು ಮೂರು ಸಾಲಾಗಿ ನಿಂತರು. ಹಾಜಿಯೆವ್ ಧ್ವನಿವರ್ಧಕ ತಟ್ಟಿ ನೋಡಿದ. ದಾರಿನಾ ಗಾಳಿಗೆಂದು ಪಕ್ಕದ ಬಾಗಿಲಿಂದ ಚೌಕಕ್ಕೆ ಬಂದಳು. ಬಸ್ ಕಂಬದ ಮೇಲೆ ಎಂದಿನಂತೆ ಸಾವಿನ ಹಾಳೆಗಳು ಒಂದರ ಮೇಲೊಂದು ಅಂಟಿದ್ದವು. ಊರಲ್ಲಿ ಅದನ್ನು ಯಾರೂ ಓದುವುದಿಲ್ಲ, ಎಲ್ಲರೂ ಒಮ್ಮೆ ನೋಡುತ್ತಾರೆ. ಪರಿಚಯದ ಮುಖವಿದ್ದರೆ ಮಾತ್ರ ನಿಲ್ಲುತ್ತಾರೆ.

ಗಾಳಿಗೆ ಹಾರಿದ ಕೂದಲನ್ನು ಹಿಡಿದುಕೊಂಡು ದಿಲ್ಯಾನಾ ನಗುತ್ತಿದ್ದಳು. ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ.

"ಒಂದು ವರ್ಷ. ಸ್ಮರಣೆ: ನವೆಂಬರ್ 8, ಶುಕ್ರವಾರ, 10.41ಕ್ಕೆ. ಅವಳು ಬಿದ್ದಲ್ಲಿ. ಬಂದವರಿಗೆಲ್ಲ ಗೋಧಿ ಇದೆ."

ಹತ್ತೂವರೆಗೆ ಸ್ಮರಣೆ ಇಡುತ್ತಾರೆ, ಹನ್ನೊಂದಕ್ಕೆ ಇಡುತ್ತಾರೆ. ಹತ್ತು ನಲವತ್ತೊಂದಕ್ಕೆ ಯಾರೂ ಇಡುವುದಿಲ್ಲ. ಅವಳ ಗಡಿಯಾರದಲ್ಲಿ 10.29.

ಹಿಂದಿನ ಮೆಟ್ಟಿಲ ಮೇಲ್ತುದಿಯಲ್ಲಿ ತರಬೇತಿಯ ಕಾವಲಿನವನೊಬ್ಬ ನಿಂತಿದ್ದ.

"ಕೆಳಗೆ ಯಾರಿದ್ದಾರೆ?"

"ಗಾಯಾಳುಗಳು ಮೇಡಂ. ಮೂರು ಜನ."

"ಇಬ್ಬರು ಅಲ್ವಾ?"

"ಒಬ್ಬಳು ಅಜ್ಜಿ ಹೆಚ್ಚಿಗೆ ಇದ್ದಾಳೆ. ಭಾರಿ ಚೆನ್ನಾಗಿ ಮಾಡ್ತಿದ್ದಾಳೆ. ನಾನು ಬೆಳಿಗ್ಗೆ ಬಂದಾಗಿಂದ ಒಂಚೂರೂ ಅಲ್ಲಾಡಿಲ್ಲ!"

ದಾರಿನಾ ವಾಕಿಟಾಕಿ ಬಾಯಿಗೆ ಹಿಡಿದಳು. "ಸ್ಪಾಸ್, ಮಕ್ಕಳು ಮೆಟ್ಟಿಲ ಕಡೆ ಬರಬಾರ್ದು. ಯಾರನ್ನೂ ಓಡಿಸ್ಬೇಡ, ಕೂಗ್ಬೇಡ. ಹಾಡಿಸ್ತಾ ಇರು."

"ಒಂದೇ ಹಾಡು ಅಂತೆ ಮೇಡಂ ಇರೋದು."

"ಅದನ್ನೇ ಇನ್ನೊಂದು ಸಲ ಹಾಡಿಸು!"

ಅಲ್ಲಿದ್ದ ಇಬ್ಬರು ಪಾತ್ರದವರಿಗೆ ಎದ್ದು ಹೋಗುವಂತೆ ಅವಳು ಕೈಸನ್ನೆ ಮಾಡಿದಳು. ಹಣೆಯ ಬೀಟ್‌ರೂಟ್ ಒರೆಸಿಕೊಳ್ಳುತ್ತಾ ಅವರು ಕೆಳಗಿಳಿದು ಹೋದರು. ಏಳನೇ ಮೆಟ್ಟಿಲಲ್ಲಿ, ಗೋಡೆಗೆ ಒರಗಿ, ಕಪ್ಪು ರುಮಾಲಿನ ಮುದುಕಿ ಕೂತೇ ಇದ್ದಳು. ಚಿತ್ರದ ಕೆಂಪು ಕೂದಲಿನವಳಿಗೂ ಇವಳಿಗೂ ನಡುವೆ ಒಂದೇ ವರ್ಷ ಕಳೆದಿದೆಯೆಂದರೆ ನಂಬುವುದು ಕಷ್ಟವಿತ್ತು. ತೊಡೆಯ ಮೇಲೆ ಬಟ್ಟೆಯ ಚೀಲ. ಬಲಗೈ ಚೀಲದೊಳಗೆ. ಕಂಡದ್ದು ಮಣಿಕಟ್ಟು ಮಾತ್ರ. ಆದರೆ ಬಿಗಿದ ದಾರವೊಂದು ಅಲ್ಲಿಂದ ಒಳಗಿಳಿದದ್ದು ಕಾಣುತ್ತಿತ್ತು.

ಈ ಮೆಟ್ಟಿಲನ್ನು ದಾರಿನಾ ಇವತ್ತಿನವರೆಗೆ ಇಳಿದಿರಲಿಲ್ಲ. ಕಳೆದ ವರ್ಷ ಛಾಯಾಚಿತ್ರಗಳನ್ನು ನೋಡಿಯೇ ಸಹಿ ಹಾಕಿದ್ದಳು. ಸಿಮೆಂಟು ಎಷ್ಟು ತಣ್ಣಗಿದೆ ಎಂಬುದು ಪಕ್ಕದಲ್ಲಿ ಕೂತ ಮೇಲೆ ತಿಳಿಯಿತು.

"ಯಾಕಮ್ಮಾ ಇಲ್ಲಿ ಕೂತಿದ್ದೀರಿ?"

ಸ್ತೋಯ್ಕಾ ನಿಧಾನವಾಗಿ ಮುಖ ತಿರುಗಿಸಿದಳು. "ಏನಂದೆ?"

"ಯಾಕೆ ಕೂತಿದ್ದೀರಿ ಅಂದೆ. ಕಲ್ಲು ತಣ್ಣಗಿದೆ."

ಮೇಲೆ ಮಕ್ಕಳ ಹಾಡು ಮುಗಿದು ಚಪ್ಪಾಳೆ ಬಿತ್ತು. ಹಾಡು ಮತ್ತೆ ಮೊದಲಿಂದ ಶುರುವಾಯಿತು.

"ನೀನು ಪೊಲೀಸಾ?"

"ಹೌದು."

"ಪೆಂಚೆವಾ ಅಂತ ಒಬ್ಬಳಿದ್ದಾಳಲ್ಲ. ಸಹಿ ಹಾಕ್ದೋಳು."

"ನಾನೇ."

ಚೀಲದೊಳಗಿನ ಕೈ ಒಮ್ಮೆ ಅಲುಗಿತು. 10.37.

"ಓದಿದ್ಯಾ ನೀನು? ಹತ್ತು ನಲವತ್ತೊಂದು ಅಂತ ಇತ್ತು. ಹನ್ನೊಂದು ಅಂತ ಇತ್ತು. ಎರಡನ್ನೂ ಓದಿದ್ಯಾ?"

"ಓದಿದ್ದೆ."

"ಆಮೇಲೆ?"

"ಓದಿ, ಸಹಿ ಹಾಕಿದೆ. ಬದುಕಿದ್ಲು ಅಮ್ಮಾ. ಚೀಟಿ ಕಟ್ಟಿದಾಗ ಬದುಕಿದ್ಲು."

ಹದಿನಾಲ್ಕು ಅರ್ಜಿಗೆ ಬಾರದ ಉತ್ತರ ಅಷ್ಟೇ ಇತ್ತು. ಸ್ತೋಯ್ಕಾ ಅಳಲಿಲ್ಲ. ಹೊತ್ತ ಹೊರೆಯನ್ನು ಕಟ್ಟೆಯ ಮೇಲೆ ಇಳಿಸಿದವಳಂತೆ ಅವಳ ಭುಜ ಇಳಿಯಿತು. "ಗೊತ್ತಿತ್ತು," ಎಂದಳು. "ಯಾರಾದ್ರೂ ಹೇಳಲಿ ಅಂತ ಇತ್ತು."

ಎಡಗೈಯಿಂದ ಅವಳು ಚೀಲದೊಳಗಿಂದ ಒಂದು ಪ್ಲಾಸ್ಟಿಕ್ ಲೋಟ ತೆಗೆದು ಚಾಚಿದಳು. ಕುದಿಸಿದ ಗೋಧಿ, ಮೇಲೆ ಸಕ್ಕರೆ ಪುಡಿ. ಅಕ್ರೋಟಿರಲಿಲ್ಲ. ಸಾಕ್ಷ್ಯವನ್ನು ಮುಟ್ಟಬಾರದು, ಅಪರಾಧಿಯ ಕೈಯಿಂದ ಏನನ್ನೂ ತೆಗೆದುಕೊಳ್ಳಬಾರದು. ದಾರಿನಾ ಲೋಟ ತೆಗೆದುಕೊಂಡಳು.

"ಯಾರ ಹೆಸರಲ್ಲಿ ಅಮ್ಮಾ?"

"ದಿಲ್ಯಾನಾ."

"ದೇವರು ದಿಲ್ಯಾನಾಳನ್ನ ಕ್ಷಮಿಸಲಿ." ದಾರಿನಾ ಸೇರಿಸಿದಳು. "ನನ್ನನ್ನೂ."

"ಅದು ದೇವರ ಕೆಲಸ. ನೀನು ತಿನ್ನು."

ಅವಳು ತಿಂದಳು. ಅಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಈ ಸತ್ತವರ ಶನಿವಾರ ದಾರಿನಾಗೆ ಡ್ಯೂಟಿ. ಮನೆಯಲ್ಲಿ ಗೋಧಿ ಕುದಿದಿರಲಿಲ್ಲ. ಮೇಲಿನ ಹಾಡು ಕೊನೆಯ ಸಾಲಿಗೆ ಬಂದಿತ್ತು. ಸ್ತೋಯ್ಕಾ ಬಲಗೈ ಹೊರತೆಗೆದು, ಗುಂಡುಗಳ ಪಿನ್ನಿಗೆ ಕಟ್ಟಿ ಬೆರಳಿಗೆ ಸುತ್ತಿದ್ದ ದಾರವನ್ನು ಒಂದೊಂದೇ ಸುತ್ತು ಬಿಚ್ಚಿದಳು. ಬೆರಳಿನ ಮೇಲೆ ನೀಲಿ ಗೆರೆಗಳೆದ್ದಿದ್ದವು. ಎರಡೂ ಸದ್ದುಗುಂಡುಗಳು ಗೋಧಿ ಲೋಟಗಳ ಕೆಳಗೆ, ಮಗುವಿನ ಹಾಗೆ ಉಣ್ಣೆಯ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿದ್ದವು.

ಬಂಧನದ ಸಮಯ 10.44. ಬೇಡಿ ಹಾಕಲಿಲ್ಲ.

ಮಧ್ಯಾಹ್ನ 2.10ಕ್ಕೆ ದಾಖಲಾದ ಹೇಳಿಕೆ ಎರಡು ಪುಟದ್ದು. ಕಳೆದ ಮಾರ್ಚ್‌ನಲ್ಲಿ ತವರಿನ ಹೆಸರು ಹೇಳಿಕೊಂಡು ನಾಲ್ಕು ಸಲ ಕೇಂದ್ರದ ಗಾಯಾಳು ಪಾತ್ರಕ್ಕೆ ಹೋಗಿದ್ದಾಗ ಸ್ತೋಯ್ಕಾ ಬೀರು ನೋಡಿದ್ದಳು, ಮೊಳೆಯ ಮೇಲಿನ ಕೀಲಿಯನ್ನೂ ನೋಡಿದ್ದಳು. ಸೋಮವಾರದಿಂದ ಮೂರು ಊರಾಚೆಯ ಮಠದ ಅತಿಥಿ ಕೋಣೆಯಲ್ಲಿದ್ದಳು. ಶುಕ್ರವಾರ ಮೊದಲ ಬಸ್ಸಿಗೆ, ಕಾವಲು ನಿಲ್ಲುವ ಮುಂಚೆಯೇ ಬಂದು ಕಂಬಕ್ಕೆ ಹಾಳೆ ಅಂಟಿಸಿ, ಮೆಟ್ಟಿಲಲ್ಲಿ ಕೂತಳು.

"ಅವರು ಓಡಬೇಕು, ನಿಜವಾಗಿ ಓಡಬೇಕು ಅಂತಿತ್ತು. ಆಟ ಅಂತ ಗೊತ್ತಿಲ್ದೆ. ನನ್ನ ಮೇಲೇ ಓಡಿ ಹೋಗ್ಲಿ ಅಂತ ಆ ಮೆಟ್ಟಿಲಲ್ಲೇ ಕೂತೆ. ಮಕ್ಕಳು ಬರ್ತಾರೆ ಅಂತ ಗೊತ್ತಿರ್ಲಿಲ್ಲ. ಹಾಡು ಕೇಳಿದ ಮೇಲೆ ಗೊತ್ತಾಯ್ತು. ಆದ್ರೂ ಎದ್ದು ಹೋಗೋಕೆ ಆಗ್ಲಿಲ್ಲ. ಬರೋವಾಗ ದೇವರಿಗೆ ಒಂದು ಮಾತು ಕೊಟ್ಟಿದ್ದೆ. ಯಾರಾದ್ರೂ ಒಬ್ರು ನಿಂತು, ಯಾಕಮ್ಮಾ ಕೂತಿದ್ದೀ ಅಂತ ಕೇಳಿದ್ರೆ ಗೋಧಿ ಕೊಟ್ಟು ಮನೆಗೆ ಹೋಗ್ತೀನಿ ಅಂತ. ಹನ್ನೆರಡು ಲೋಟ ತಂದಿದ್ದೆ. ಹನ್ನೊಂದು ಜನ ನನ್ನನ್ನ ದಾಟ್ಕೊಂಡು ಹೋದ್ರು. ಒಬ್ಬ, ಅಜ್ಜಿ ಭಾರಿ ಚೆನ್ನಾಗಿ ಸಾಯ್ತಿದ್ದೀಯ ಅಂದ. ಬೆಳಿಗ್ಗೆ ಒಂದು ನಾಯಿ ಬಂದಿತ್ತು. ಅದೊಂದೇ ನಿಂತು ನನ್ನ ಮುಖ ನೋಡಿದ್ದು. ಆಟಕ್ಕೆ ಇಟ್ಟ ಚೀಲ ಕಣೋ ಬಾ ಅಂತ ಅದರ ಯಜಮಾನ ಎಳ್ಕೊಂಡು ಹೋದ."

ಹೇಳಿಕೆಯ ಜೊತೆಗೆ ಇನ್ನೊಂದು ಹಾಳೆಯನ್ನೂ ದಾರಿನಾ ಅದೇ ಸಂಜೆ ಸರ್ಕಾರಿ ವಕೀಲರಿಗೆ ಕಳಿಸಿದಳು. ಕಳೆದ ವರ್ಷದ ಕಡತ ಮತ್ತೆ ತೆರೆಯಬೇಕು. ಅದರಲ್ಲಿ ತನಿಖಾಧಿಕಾರಿಯನ್ನೂ ವಿಚಾರಿಸಬೇಕು ಎಂಬ ಕೋರಿಕೆ. ತನಿಖಾಧಿಕಾರಿಯ ಹೆಸರಿನ ಜಾಗದಲ್ಲಿ ತನ್ನ ಹೆಸರನ್ನು ಬಿಡಿಸಿ ಬಿಡಿಸಿ, ದುಂಡಗೆ ಬರೆದಳು.

ಮುಟ್ಟುಗೋಲು ಪಂಚನಾಮೆಯನ್ನು ಸ್ಪಾಸ್ ಗಟ್ಟಿಯಾಗಿ ಓದುತ್ತಿದ್ದ. "ಬಟ್ಟೆ ಚೀಲ, ಒಂದು. ಸದ್ದುಗುಂಡು, ಎರಡು. ಉಣ್ಣೆ ಬಟ್ಟೆ, ಒಂದು. ಕುದಿಸಿದ ಗೋಧಿ ತುಂಬಿದ ಲೋಟ, ಹನ್ನೊಂದು." ಅವನು ತಲೆ ಎತ್ತಿದ. "ಹೇಳಿಕೇಲಿ ಹನ್ನೆರಡು ಅಂತ ಇದೆ ಮೇಡಂ. ಒಂದು ಕಮ್ಮಿ. ನ್ಯಾಯಾಲಯದಲ್ಲಿ ಕೇಳ್ತಾರೆ."

"ಖಾಲಿ ಲೋಟ ಒಂದು ಅಂತ ಸೇರಿಸು."

"ಗೋಧಿ ಏನಾಯ್ತು ಅಂತ ಬರೀಲಿ?"

"ತನಿಖಾಧಿಕಾರಿ ತಿಂದ್ರು ಅಂತ ಬರಿ."

ಸ್ಪಾಸ್‌ನ ಪೆನ್ನು ಹಾಳೆಯ ಮೇಲೆ ನಿಂತಿತು. "ಹಾಗೇ ಬರೀಲಾ ಮೇಡಂ?"

"ಹಾಗೇ ಬರಿ," ಎಂದಳು ದಾರಿನಾ. "ಸಮಯಾನೂ ಹಾಕು. ಹತ್ತು ನಲವತ್ತೊಂದು."